ಎದುರು ದಿಕ್ಕಿನ ಬಾಣ

ಬಾಣದಣ್ಣ ಎಂದರೆ ಆ ಊರಿನಲ್ಲಿ ಯಾರೂ ಬಿಲ್ಲು ಹಿಡಿದವನನ್ನು ನೆನೆಯುವುದಿಲ್ಲ. ಹಳದಿ ಬಣ್ಣದ ಡಬ್ಬ, ಎರಡು ಕುಂಚ, ಪಾಚಿ ಕೆರೆಯಲು ತಂತಿ ಬ್ರಷ್ಷು, ತಗಡಿನಲ್ಲಿ ಕತ್ತರಿಸಿದ ಬಾಣದ ಅಚ್ಚು, ಇಷ್ಟನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ವರ್ಷಕ್ಕೊಮ್ಮೆ ಗುಡ್ಡದಿಂದ ಇಳಿದು ಬರುವ ಐವತ್ತೆರಡರ ಮನುಷ್ಯ ಅವನು. ಗುಡ್ಡದ ಮೇಲೆ ಹೊಳೆ ಹುಟ್ಟುವ ಜಾಗದಿಂದ ಹಿಡಿದು, ದೊಡ್ಡ ಕೆರೆಯ ದಂಡೆ ಬಳಸಿ, ಮತ್ತೆ ಹೊಳೆಯ ಜೊತೆಜೊತೆಗೇ ಊರಿನ ಸೇತುವೆಯ ತನಕ ನೂರ ನಲವತ್ತು ಕಿಲೋಮೀಟರ್ ಸೈಕಲ್ ದಾರಿ. ಎಲ್ಲೆಲ್ಲಿಂದಲೋ ಜನ ಚೀಲ ಕಟ್ಟಿಕೊಂಡು ಬಂದು ಮೂರು ದಿನ ಆ ದಾರಿಯಲ್ಲಿ ಸೈಕಲ್ ತುಳಿಯುತ್ತಾರೆ. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂದು ಅವರಿಗೆ ಹೇಳುವುದು ಬಾಣದಣ್ಣನ ಬಾಣಗಳು.

ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಕವಲು ಬರುವುದಕ್ಕೆ ಇಪ್ಪತ್ತು ಹೆಜ್ಜೆ ಮೊದಲು ಕಲ್ಲಿನ ಮೇಲೋ ಮೋರಿಯ ಗೋಡೆಯ ಮೇಲೋ ಒಂದು ಬಾಣ. ಕವಲು ದಾಟಿ ಮೂವತ್ತು ಹೆಜ್ಜೆಗೆ ಒಂದು ಹಳದಿ ಚುಕ್ಕಿ. 'ಸರಿಯಾಗಿ ಬಂದಿದ್ದೀಯಪ್ಪ, ಹೆದರಬೇಡ' ಎಂದು ಹೇಳುವುದಷ್ಟೇ ಆ ಚುಕ್ಕಿಯ ಕೆಲಸ; ಅದಕ್ಕೆ ಅವನಿಟ್ಟ ಹೆಸರು ಧೈರ್ಯದ ಚುಕ್ಕಿ. ಬಾಣದ ತುದಿ ಕೂದಲೆಳೆಯಷ್ಟು ಸೊಟ್ಟಗಾದರೂ ಕೆರೆದು ತೆಗೆದು ಮತ್ತೆ ಬಳಿಯುತ್ತಿದ್ದ. "ನನ್ನ ಬಾಣ ನಂಬಿದೋನು ನಿದ್ದೇಲೂ ಮನೆ ಸೇರ್ತಾನೆ" ಎನ್ನುವುದು ಅವನ ಮಾಮೂಲು ಜಂಬ.

ಜಂಬಕ್ಕೆ ಕಲ್ಲು ಹಾಕುವವರೂ ಇದ್ದರು. ದಾರಿಯ ಉಸ್ತುವಾರಿ ನೋಡುವ ಕಚೇರಿಯ ಮೇಡಂ ಆಗಾಗ ಯಾರದೋ ಪತ್ರ ತಂದು ಅವನ ಕೈಗಿಡುತ್ತಿದ್ದರು. ಕೆಳಗಿನಿಂದ ಮೇಲಕ್ಕೆ ಹೋಗುವವರಿಗೆ ಒಂದು ಬಾಣವೂ ಕಾಣುವುದಿಲ್ಲ ಎಂದು ದೂರು. ನಿಜವೇ. ಬಾಣದಣ್ಣ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಗುಡ್ಡಕ್ಕೆ ಹೋಗಿ, ಅಲ್ಲಿಂದ ಇಳಿಯುತ್ತಾ ಬಣ್ಣ ಹಚ್ಚುತ್ತಿದ್ದ. ಇಳಿಯುವವನ ಕಣ್ಣಿಗೆ ಬೀಳುವ ಮಗ್ಗುಲಿಗೇ ಹಚ್ಚುತ್ತಿದ್ದ. "ಹೊಳೆ ಹರಿಯೋ ಕಡೆ ಬಿಟ್ಟು ಎದುರಿಗೆ ಹತ್ತೋರು ತಲೆ ಕೆಟ್ಟೋರು ಮೇಡಂ. ಅವರಿಗೆ ಬಾಣ ಅಲ್ಲ, ಡಾಕ್ಟ್ರು ಬೇಕು" ಎಂದು ನಗುತ್ತಿದ್ದ. ಹೋದ ವರ್ಷದ ಪತ್ರದಲ್ಲಿ ಕುಂಚ ಒರೆಸಿದ್ದ.

ಅವನ ಹೆಂಡತಿಯನ್ನು ಊರೆಲ್ಲ ಟೈಲರಮ್ಮ ಎನ್ನುತ್ತದೆ. ಸೇತುವೆಯ ಪಕ್ಕದಲ್ಲೇ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಮೂಲೆಯಲ್ಲಿ ಸುರುಳಿ ಸುತ್ತಿದ ದಪ್ಪ ಬಟ್ಟೆ, ಗೋಡೆಯುದ್ದಕ್ಕೂ ನೇತುಬಿದ್ದ ಸೈಕಲ್ ಚೀಲಗಳು. ಮೂರು ದಿನ ತುಳಿದು ಬಂದವರು ಹರಿದ ಚೀಲ ಹೊಲಿಸಿಕೊಳ್ಳುತ್ತಾ ಕೆರೆಯ ಬೆಳಕಿನ ಬಗ್ಗೆ, ಗುಡ್ಡದ ಮಂಜಿನ ಬಗ್ಗೆ ಅವಳಿಗೆ ಹೇಳುತ್ತಿದ್ದರು. ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಕೇಳುತ್ತಿದ್ದಳು. ಇಪ್ಪತ್ಮೂರು ವರ್ಷ, ಪ್ರತಿ ವರ್ಷ ಮೂರನೆಯ ದಿನದ ಸಂಜೆ, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಸೇತುವೆಯ ಮೇಲೆ ನಿಂತು ಗಂಡನಿಗಾಗಿ ಕಾದಿದ್ದಳು. "ನಾನೂ ಒಂದ್ಸಲ ಬರ್ಲಾ?" ಎಂದು ಕೇಳಿದಾಗಲೆಲ್ಲ "ಬರೋ ವರ್ಷ ನೋಡೋಣ" ಎಂಬ ಉತ್ತರ. ಅವನು ಕೆಟ್ಟವನಲ್ಲ, ಯೋಚನೆ ಮಾಡದವನು ಅಷ್ಟೇ. ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ಅವನು ನಂಬಿದ್ದ. ಹೆಂಡತಿಗೆ ಅಷ್ಟು ಖಾತ್ರಿ ಇರಲಿಲ್ಲ.

ಈ ವರ್ಷ ಅವಳು ಕೇಳಲಿಲ್ಲ. ನಲವತ್ತೆಂಟರ ವಯಸ್ಸಿನಲ್ಲಿ ಶಾಲೆಯ ಹಿಂದಿನ ಬಯಲಿನಲ್ಲಿ ಬೆಳಗಿನ ಜಾವ ಬಿದ್ದು ಎದ್ದು ಸೈಕಲ್ ಕಲಿತಳು. ಮೊಣಕಾಲಿನ ಗಾಯ ಒಣಗಿದ ಮೇಲೆ ಒಂದು ದಿನ ಊಟದ ಹೊತ್ತಿಗೆ ಹೇಳಿಯೇಬಿಟ್ಟಳು.

"ಈ ವರ್ಷ ಸೇತುವೆ ಮೇಲೆ ನಿಂತ್ಕೊಳ್ಳಲ್ಲ ನಾನು. ನೀವು ಆ ಕಡೆಯಿಂದ ಇಳಿದು ಬನ್ನಿ, ನಾನು ಈ ಕಡೆಯಿಂದ ಹತ್ತಿ ಬರ್ತೀನಿ. ದೊಡ್ಡ ಕೆರೆ ಹತ್ರ ಸಿಗೋಣ. ಅಲ್ಲಿಂದ ಇಬ್ರೂ ಮೇಲಕ್ಕೆ ಹೋಗೋಣ. ಹೊಳೆ ಹುಟ್ಟೋ ಜಾಗ ನಾನು ನೋಡ್ಬೇಕು."

"ನೀನಾ? ಕೆರೆ ತನಕಾನೇ ಎಪ್ಪತ್ತು ಕಿಲೋಮೀಟರ್ ಕಣೇ!"

"ಮೊದಲನೇ ದಿನ ತಂಗಿ ಮನೇಲಿ ಉಳ್ಕೋತೀನಿ. ಎರಡನೇ ದಿನ ಮೂರು ಗಂಟೆಗೆ ಕೆರೆ ಹತ್ರ ಇರ್ತೀನಿ."

"ದಾರಿ ಗೊತ್ತಾ ನಿಂಗೆ?"

"ನಿಮ್ಮ ಬಾಣ ಇದೆಯಲ್ರೀ. ನಿದ್ದೇಲೂ ಮನೆ ಸೇರ್ತಾರಂತೆ."

ಆ ಮಾತಿಗೆ ಅವನು ಉಬ್ಬಿಹೋದ. ಎದುರಿಗೆ ಹತ್ತುವ ತಲೆಕೆಟ್ಟವರ ಸಾಲಿಗೆ ಮನೆಯವಳೂ ಸೇರಿದಳೆಂಬುದು ಅವನ ತಲೆಗೇ ಬರಲಿಲ್ಲ. ನಂಬಿ, ನಿಜವಾಗಿಯೂ ಬರಲಿಲ್ಲ. ಅವನ ಮನಸ್ಸಿನಲ್ಲಿ ಆ ದಾರಿ ಹೊಳೆಯ ಹಾಗೆಯೇ ಒಂದೇ ಕಡೆಗೆ ಹರಿಯುತ್ತಿತ್ತು.

ಗುಡ್ಡದ ಮೇಲೆ ಹೊಳೆ ಹುಟ್ಟುವುದು ಒಂದು ತಟ್ಟೆಯಗಲದ ಗುಳಿಯಲ್ಲಿ. ಅವನು ಅಲ್ಲಿಗೆ ಮುಟ್ಟಿದಾಗ ಮಂಜು ಇನ್ನೂ ಎದ್ದಿರಲಿಲ್ಲ. ನೀರು ಎಲ್ಲಿಂದ ಬರುತ್ತದೆಂದು ಕಾಣುವುದಿಲ್ಲ, ಸದ್ದೂ ಇಲ್ಲ. ಗುಳಿ ತುಂಬಿರುತ್ತದೆ, ಅಷ್ಟೇ. ಮೊದಲ ಬಾಣಕ್ಕೆ ಬಣ್ಣ ಹಚ್ಚಿ ಸೈಕಲ್ ಹತ್ತಿದ. ಆಮೇಲೆ ಸೈಕಲ್ಲೇ ಹೋಯಿತು, ಅವನು ಸುಮ್ಮನೆ ಮೇಲೆ ಕುಳಿತಿದ್ದ. ಮಂಜಿನೊಳಗಿಂದ ಒಂದೊಂದೇ ಕಲ್ಲು ಎದುರು ಬಂದು ನಿಲ್ಲುವುದು, ಹಳೆಯ ಗೆಳೆಯರನ್ನು ಕಂಡಂತೆ "ಏನಯ್ಯಾ, ಹೇಗಿದ್ದೀಯಾ?" ಎಂದು ಇವನು ಕೇಳುವುದು, ಬಣ್ಣ ಹಚ್ಚುವುದು, ಕಲ್ಲು ಮತ್ತೆ ಮಂಜಿನೊಳಕ್ಕೆ ಹೋಗುವುದು. ಹೊತ್ತು ಏರಿತೋ ಇಳಿಯಿತೋ ತಿಳಿಯದು. ದಾರಿಯ ಪಕ್ಕದಲ್ಲಿ ಹೊಳೆ ಮೊದಲು ಮೊಳದಗಲ, ಆಮೇಲೆ ಮಾರಗಲ.

ಈಗ ಅವಳೂ ಇದೇ ದಾರಿಯಲ್ಲಿ ಇದ್ದಾಳೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ತಾನು ಈಗ ನೋಡುತ್ತಿರುವ ನೀರು ನಾಳೆಯೋ ನಾಡಿದ್ದೋ ಅವಳ ಪಕ್ಕದಲ್ಲಿ ಹಾದುಹೋಗುತ್ತದೆ. ಅದೇನು ತೋಚಿತೋ, ಒಂದು ಒಣಗಿದ ಎಲೆ ಎತ್ತಿಕೊಂಡು ಅದರ ನಡುವೆ ಹಳದಿ ಚುಕ್ಕಿ ಇಟ್ಟು ನೀರಿಗೆ ಬಿಟ್ಟ. ಬಿಟ್ಟಮೇಲೆ ನಾಚಿಕೆಯಾಗಿ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ. ಐವತ್ತೆರಡು ವರ್ಷದ ಗಂಡಸು ಮಾಡುವ ಕೆಲಸವೇ ಅದು?

ಎರಡನೆಯ ದಿನ ಎರಡೂವರೆಗೆಲ್ಲ ಅವನು ದೊಡ್ಡ ಕೆರೆಯ ಹತ್ತಿರ, ದೋಣಿ ಬಾಡಿಗೆಗೆ ಕೊಡುವವನ ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಕುಳಿತಿದ್ದ. ತಲೆ ಬಾಚಿದ. ಬೆರಳಿನ ಬಣ್ಣವನ್ನು ಉಜ್ಜಿ ತೊಳೆದ. ಕೆರೆ ಅಲುಗಾಡದೆ ಮಲಗಿತ್ತು. ಆಚೆ ದಡದ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಮೂರಾಯಿತು. ಮೂರೂವರೆಯಾಯಿತು. ಕಣ್ಣು ಎಳೆದು ಕುಳಿತಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ಅವನು ಬಣ್ಣ ಹಚ್ಚುತ್ತಲೇ ಇದ್ದ, ಹಚ್ಚಿದ್ದು ಹಚ್ಚಿದ ಹಾಗೆಯೇ ಕಲ್ಲಿನೊಳಗೆ ಇಂಗಿಹೋಗುತ್ತಿತ್ತು. ಎಚ್ಚರವಾದಾಗ ನಾಲ್ಕೂಕಾಲು.

"ಕೆಳಗಡೆಯಿಂದ ಒಬ್ರು ಬರ್ಬೇಕಾಗಿತ್ತು. ಮೂರು ಗಂಟೆಗೇ ಬರ್ತೀನಿ ಅಂದಿದ್ರು" ಎಂದ ದೋಣಿಯವನಿಗೆ.

"ಕೆಳಗಡೆಯಿಂದಾನಾ? ಹಾಗಾದ್ರೆ ಸಂಜೆ ಆಗುತ್ತೆ ಬಿಡಣ್ಣ" ಎಂದ ದೋಣಿಯವನು, ಹುಟ್ಟು ಒರೆಸುತ್ತಾ. "ಆ ಕಡೆಯಿಂದ ಬರೋರು ದಾರಿ ಗೊತ್ತಾಗ್ದೆ ಸುತ್ತೀ ಸುತ್ತೀ ಬರ್ತಾರೆ. ಕೆಲವರು ಬರೋದೇ ಇಲ್ಲ. ಬಂದೋರೂ ಬೈಕೊಂಡೇ ಬರ್ತಾರೆ."

"ಯಾರನ್ನ ಬೈತಾರೆ?"

ದೋಣಿಯವನು, ಹುಟ್ಟು ಒರೆಸುವುದು ಬಹಳ ಮುಖ್ಯವಾದ ಕೆಲಸವೆಂಬಂತೆ ತಲೆ ಬಗ್ಗಿಸಿದ.

ಬಾಣದಣ್ಣ ಫೋನು ತೆಗೆದ. ಕೆರೆಯ ಸುತ್ತ ಫೋನಿಗೆ ಸಿಗ್ನಲ್ ಇಲ್ಲ. ಡಬ್ಬವನ್ನು ಕಟ್ಟಿದ್ದ ಹಾಗೇ ಸೈಕಲ್ ಹತ್ತಿ ಕೆಳಗಡೆಗೆ ಹೊರಟ. ಮೊದಲ ಕವಲು ದಾಟಿ ನಿಲ್ಲಿಸಿ ಹಿಂದಕ್ಕೆ ತಿರುಗಿದ. ಇಪ್ಪತ್ಮೂರು ವರ್ಷದಲ್ಲಿ ಅಲ್ಲಿ ಅವನು ಹಿಂದಕ್ಕೆ ತಿರುಗಿ ನೋಡಿದ್ದು ಅದೇ ಮೊದಲು. ಮೋರಿಯ ಗೋಡೆ ಬೋಳು. ಬೂದು ಬಣ್ಣದ, ಪಾಚಿ ಹಿಡಿದ, ಏನೂ ಹೇಳದ ಗೋಡೆ. ಎರಡನೆಯ ಕವಲಿನ ಕಲ್ಲೂ ಹಾಗೆಯೇ. ಮೂರನೆಯದರಲ್ಲಿ ಒಂದು ದಾರಿ ಕಲ್ಲು ಕ್ವಾರಿಗೆ ಹೋಗುತ್ತದೆ. ಮೈಮೇಲೆ ಬರುವಂತೆ ಓಡುವ ಲಾರಿಗಳ ದಾರಿ ಅದು. ಮೊನ್ನೆ ಮೊನ್ನೆ ಸೈಕಲ್ ಕಲಿತವಳು ಅಲ್ಲಿಗೆ ಹೋದಳೋ ಏನೋ. ನಿದ್ದೆಯಲ್ಲೂ ಮನೆ ಸೇರ್ತಾನೆ ಎಂದಿದ್ದ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕೆನಿಸಿತು. ಭಯವಾಯಿತು, ಮದುವೆಯಾದ ಮೇಲೆ ಎಂದೂ ಆಗದಷ್ಟು ಭಯ.

ನಾಲ್ಕನೆಯ ಕವಲು ಇನ್ನೂ ಸ್ವಲ್ಪ ದೂರ ಇರುವಾಗಲೇ ಅವಳು ಕಂಡಳು. ಸೈಕಲ್ಲನ್ನು ಮರಕ್ಕೆ ಒರಗಿಸಿ, ಅವನ ಕಡೆಗೇ ನಡೆದು ಬರುತ್ತಿದ್ದಳು. ತಲೆ ತಗ್ಗಿಸಿ, ತುಟಿ ಅಲುಗಿಸುತ್ತಾ ಹೆಜ್ಜೆ ಎಣಿಸುತ್ತಿದ್ದಳು. ಇವನು ಕೂಗುವಷ್ಟರಲ್ಲಿ ನಿಂತಳು, ಅವನಿಗೆ ಬೆನ್ನು ಹಾಕಿ ತಿರುಗಿದಳು, ಸೊಂಟಕ್ಕೆ ಕೈಕೊಟ್ಟು ಬಂದ ದಾರಿಯನ್ನೇ ನೋಡಿದಳು. ಅಲ್ಲಿ ಕಲ್ಲಿನ ಈಚೆ ಮಗ್ಗುಲಲ್ಲಿ ಹಳದಿ ಬಾಣ ಇತ್ತು. "ಹಾಂ, ಇದೇ" ಎಂದುಕೊಂಡು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬಿಲ್ಲೆಯನ್ನು ಜೇಬಿನಿಂದ ತೆಗೆದು ಕಲ್ಲಿನ ಹತ್ತಿರ ವಾಪಸ್ ಹೋಗಿ, ಅದರ ಬೋಳು ಮಗ್ಗುಲಲ್ಲಿ ಏನೋ ಬರೆದಳು.

"ಲೇ!" ಎಂದು ಕೂಗಿದ.

ಅವಳು ತಿರುಗಿದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ತೋಳಿನ ಮೇಲೆ ಹೊಸ ಗಾಯ. "ಬಂದ್ರಾ? ಬನ್ನಿ, ನಿಮ್ಮನ್ನೇ ಬೈಕೋತಾ ಇದ್ದೆ" ಎಂದಳು.

"ಎಲ್ಲಾ ಕವಲಲ್ಲೂ ಹೀಗೇ ಮಾಡಿದ್ಯಾ?"

"ನಿನ್ನೆ ಹದಿನೇಳು, ಇವತ್ತು ಹನ್ನೊಂದು. ಒಂದು ದಾರೀಲಿ ಮೂವತ್ತು ಹೆಜ್ಜೆ ಹೋಗೋದು, ತಿರುಗಿ ನೋಡೋದು. ಬಾಣದ ಮುಖ ಕಂಡ್ರೆ ಸರಿ. ಕಾಣ್ದಿದ್ರೆ ವಾಪಸ್ ಬಂದು ಇನ್ನೊಂದು ದಾರಿ. ನಡೆದಿದ್ದೇ ಜಾಸ್ತಿ, ತುಳಿದಿದ್ದು ಕಮ್ಮಿ."

"ತಂಗಿ ಮನೆಯಿಂದಾನೇ ವಾಪಸ್ ಹೋಗ್ಬಹುದಿತ್ತಲ್ಲೇ."

"ಹೋಗಿ? ಸೇತುವೆ ಮೇಲೆ ನಿಂತ್ಕೋಬೇಕಿತ್ತಾ?"

ಅವಳು ಹೊಳೆಗಿಳಿದು ಮುಖ ತೊಳೆದು ಬಂದಳು. ಆಮೇಲೆ ಅವಳು ಸಿಟ್ಟಿಲ್ಲದೆ, ಬರೀ ತಿಳಿದುಕೊಳ್ಳುವುದಕ್ಕೆಂಬಂತೆ ಕೇಳಿದಳು: "ಒಂದು ಮಾತು ಹೇಳಿ. ಇಷ್ಟು ವರ್ಷದಲ್ಲಿ ಒಂದ್ಸಲಾನಾದ್ರೂ, ಈ ಕಡೆಯಿಂದ ಯಾರಾದ್ರೂ ನಿಮ್ಮ ಹತ್ರ ಬರಬಹುದು ಅಂತ ನಿಮಗೆ ಅನ್ನಿಸಲಿಲ್ವಾ?"

ಬಾಣದಣ್ಣನಿಗೆ ಅನ್ನಿಸಿರಲಿಲ್ಲ, ಅದೇ ಸತ್ಯ. ಬೇರೇನೂ ತೋಚದೆ, "ಎಲೆ ಏನಾದ್ರೂ ಬಂತಾ ನೀರಲ್ಲಿ?" ಎಂದ.

"ಯಾವ ಎಲೆ?"

"ಏನಿಲ್ಲ ಬಿಡು."

ಮರುದಿನದಿಂದ ಎರಡು ದಿನ ಅವರು ಹೊಳೆಗೆ ಎದುರಾಗಿ ಗುಡ್ಡ ಹತ್ತಿದರು. ನನ್ನನ್ನು ಕೇಳಿದರೆ, ಬಾಣದಣ್ಣನ ಇಷ್ಟು ವರ್ಷದ ಕಸುಬಿಗೆ ಪರೀಕ್ಷೆ ನಡೆದದ್ದು ಆವಾಗಲೇ. ಅಂಗೈಯಷ್ಟು ಪರಿಚಯದ ದಾರಿ, ಎದುರಿನಿಂದ ಹೋದರೆ ಯಾರದೋ ದಾರಿ. ಮರಗಳು ತಪ್ಪು ಜಾಗದಲ್ಲಿ ನಿಂತಿದ್ದವು, ತಿರುವುಗಳು ಅವನಿಗೆ ಬೆನ್ನು ಹಾಕಿದ್ದವು. ಎರಡನೆಯ ಕವಲಿನಲ್ಲಿ "ಬಲಕ್ಕೆ" ಎಂದು ಜೋರಾಗಿ ಹೇಳಿ ಒಬ್ಬರ ತೋಟದೊಳಕ್ಕೇ ನುಗ್ಗಿದ. ಅಲ್ಲಿಂದ ಮುಂದೆ ಬಾಯಿ ಬಿಡಲಿಲ್ಲ. ಪ್ರತಿ ಕವಲಿನಲ್ಲೂ ಅವಳೇ ಇಳಿದು, ಮೂವತ್ತು ಹೆಜ್ಜೆ ನಡೆದು, ತಿರುಗಿ ನೋಡಿ, ನೀಲಿ ಗೆರೆ ಎಳೆದಳು. ಅವನು ಅದರ ಮೇಲೆ ಹಳದಿ ಬಣ್ಣ ಹಚ್ಚಿದ. ಅಚ್ಚು ಇಡಲು ಹೋದಾಗ ಅವಳು, "ಸೊಟ್ಟ ಇದೆಯಾ?" ಎಂದಳು. ತುದಿ ಚೆನ್ನಾಗಿಯೇ ಸೊಟ್ಟಗಿತ್ತು. "ಇರ್ಲಿ" ಎಂದು ಅಚ್ಚನ್ನು ಚೀಲಕ್ಕೆ ಹಾಕಿದ.

ಬಣ್ಣ ಹಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ, ಗೆರೆ ಎಳೆಯುವುದಕ್ಕೆ ಹಿಡಿಯುವುದಿಲ್ಲ. ಎರಡನೆಯ ದಿನ ಮಂಜು ಇಳಿಯುವ ಹೊತ್ತಿಗೆ ಅವಳು ಮುಂದೆ ಹೋಗಿಬಿಟ್ಟಿದ್ದಳು. ಅವಳ ಬೆಲ್ಲಿನ ಸದ್ದು ಒಮ್ಮೆ ಕೇಳಿ ನಿಂತುಹೋಯಿತು. ಕೊನೆಯ ಕವಲಿನಲ್ಲಿ ಅವನೊಬ್ಬನೇ. ಎರಡು ದಾರಿಯೂ ಬೆಳ್ಳಗೆ ಮಂಜಿನೊಳಕ್ಕೆ ಹೋಗುತ್ತಿದ್ದವು. ಮೂರು ದಿನದ ಹಿಂದಷ್ಟೇ ಇಳಿದು ಬಂದ ಜಾಗ, ಯಾವ ದಾರಿಯೆಂದು ಆಣೆಯಿಟ್ಟು ಹೇಳಲಾರ. ಬಗ್ಗಿ ನೋಡಿದ. ಕಲ್ಲಿನ ಈ ಮಗ್ಗುಲಲ್ಲಿ ಸೊಟ್ಟ ನೀಲಿ ಬಾಣ. ಅದು ತೋರಿಸಿದ ಕಡೆ ಸೈಕಲ್ ತಳ್ಳಿಕೊಂಡು ನಡೆದ, ತುಟಿಯಲ್ಲೇ ಹೆಜ್ಜೆ ಎಣಿಸುತ್ತಾ. ಮೂವತ್ತನೆಯ ಹೆಜ್ಜೆಗೆ ಒಂದು ಮರದ ಬೇರಿನ ಮೇಲೆ, ಅವನು ಬರುವ ದಿಕ್ಕಿಗೆ ಮುಖ ಮಾಡಿ, ಒಂದು ನೀಲಿ ಚುಕ್ಕಿ ಇತ್ತು.

ಅವನು ಅಲ್ಲೇ ಕುಕ್ಕರಿಸಿದ. ಸಾವಿರಾರು ಜನರಿಗೆ ಅವನು ಆ ಚುಕ್ಕಿ ಇಟ್ಟಿದ್ದ, ಅವನಿಗಾಗಿ ಇಟ್ಟವರು ಯಾರೂ ಇರಲಿಲ್ಲ. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಳದಿ ಮೆತ್ತಿಕೊಂಡ. ಆಮೇಲೆ ನಿಧಾನವಾಗಿ ಕುಂಚ ಅದ್ದಿ, ನೀಲಿ ಕಾಣದ ಹಾಗೆ ಚುಕ್ಕಿ ತುಂಬಿ ಎದ್ದ.

ಮೇಲೆ, ಹೊಳೆ ಹುಟ್ಟುವ ಜಾಗದಲ್ಲಿ, ಅವಳು ಅವನಿಗಾಗಿ ಕಾಯುತ್ತಿರಲಿಲ್ಲ. ಚಪ್ಪಲಿ ಬಿಚ್ಚಿಟ್ಟು, ಗುಳಿಯ ಪಕ್ಕ ಕುಳಿತು, ಎರಡೂ ಪಾದ ನೀರಿಗೆ ಬಿಟ್ಟು, ಕಣ್ಣು ಮುಚ್ಚಿದ್ದಳು. ಅವನು ಸದ್ದು ಮಾಡದೆ ಸೈಕಲ್ ಮಲಗಿಸಿ, ದಾರಿಯಲ್ಲಿ ಚಹಾ ತುಂಬಿಸಿಕೊಂಡಿದ್ದ ಫ್ಲಾಸ್ಕು ತೆಗೆದು ಮುಚ್ಚಳ ತಿರುಗಿಸಿ, ಅವಳು ಕಣ್ಣು ಬಿಡಲೆಂದು ಕಾಯುತ್ತಾ ನಿಂತ.