ಕಲೆಯಕ್ಕನ ಉಗುರುಬೆಚ್ಚಗಿನ ನೀರು

ಲಾಂಡ್ರಿಯಲ್ಲಿ ಆಕೆಯನ್ನು ಎಲ್ಲರೂ ಕಲೆಯಕ್ಕ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ಇವರು ಹಾಡುತ್ತಾರೋ ಚಿತ್ರ ಬರೆಯುತ್ತಾರೋ ಎಂದು ವಿಚಾರಿಸಿದರೆ ಉಳಿದವರಿಗೆ ನಗು. ಆಕೆಯ ಕೆಲಸ ಬಟ್ಟೆಯ ಮೇಲಿನ ಕಲೆ ತೆಗೆಯುವುದು. ಕಿಟಕಿ ಪಕ್ಕದ ತಗಡಿನ ಮೇಜು, ಮೆದು ಕೂದಲಿನ ಬ್ರಷ್ಷು, ಅಂಚು ಸವೆದ ಚಮಚ, ಒಂದಷ್ಟು ಬಾಟಲಿಗಳು. ಗಂಡ ತೀರಿಕೊಂಡ ವರ್ಷ ಆ ಮೇಜಿನ ಮುಂದೆ ನಿಂತವಳು ಕೂದಲು ನರೆಯುವವರೆಗೂ ಅಲ್ಲೇ ಇದ್ದಳು. ಬಟ್ಟೆ ಕೈಗೆ ಬಂದೊಡನೆ ಮೊದಲು ಮೂಸಿ ನೋಡುವುದು ಅವಳ ರೂಢಿ. ಇದು ಟೀ ಅಲ್ಲ, ಕೆಮ್ಮಿನ ಔಷಧಿ ಎಂದು ಅವಳು ಹೇಳಿದರೆ ಮುಗಿಯಿತು. ಕಲೆ ಹೋಯಿತೆಂದರೆ ಉಳಿದವರಿಗೆ ಸಮಾಧಾನ. ಇವಳಿಗೆ ಮಾತ್ರ ಅದು ಹೋದದ್ದಾದರೂ ಎಲ್ಲಿಗೆ ಎಂಬ ಯೋಚನೆ.

ಒಂದು ವರ್ಷ ಲಾಂಡ್ರಿ ಮಾಲೀಕರು ನೀರನ್ನು ಕೊತಕೊತ ಕುದಿಸಿ ಕೊಡುವ ಹೊಸ ಬಾಯ್ಲರು ಹಾಕಿಸಿದರು. ಅದರ ಬೆನ್ನಿಗೇ ಕಿಣ್ವ ಬೆರೆಸಿದ ಸೋಪಿನ ಪುಡಿಯೂ ಬಂತು. ಆಸ್ಪತ್ರೆಯ ಹಾಸುಬಟ್ಟೆಗಳಲ್ಲಿರುವ ರಕ್ತದ ಕಲೆಯನ್ನು ಈ ಪುಡಿ ತಿಂದುಹಾಕುತ್ತದೆ ಎಂದು ಮಾರಲು ಬಂದವನು ಹೇಳಿಹೋಗಿದ್ದ. ಕುದಿಯುವ ನೀರಿಗೆ ಪುಡಿ ಸುರಿದು ಬಟ್ಟೆ ಹಾಕಿದರು. ತೆಗೆದು ನೋಡಿದರೆ ಕೆಂಪಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿ ಎಳೆಎಳೆಗೂ ಕಚ್ಚಿಕೊಂಡು ಕೂತಿತ್ತು. ಮಾಲೀಕರು ಪುಡಿ ಹೆಚ್ಚಿಸಿದರು. ಕಲೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಇದು ಕಲಬೆರಕೆ ಮಾಲು ಎಂದು ತೀರ್ಮಾನಿಸಿ, ವಾಪಸು ಕಳಿಸಲು ಚೀಲಗಳನ್ನು ಬಾಗಿಲ ಬಳಿ ಪೇರಿಸಿದರು.

ಕಲೆಯಕ್ಕನ ತಲೆಗೆ ಹುಳ ಹೊಕ್ಕಿದ್ದು ಅಲ್ಲಿಂದ. ಅದೇ ದಿನ ಅವಳು ರಕ್ತವಾಗಿದ್ದ ದಿಂಬಿನ ಚೀಲವೊಂದನ್ನು ಅದೇ ಪುಡಿಯಲ್ಲಿ ನೆನೆಹಾಕಿದ್ದಳು. ಬಾಯ್ಲರಿನ ನೀರಿಗೆ ಕೈ ಇಡಲಾಗದೆ, ಮೊದಲೇ ನಲ್ಲಿ ನೀರು ಬೆರೆಸಿಕೊಂಡು ಆಮೇಲೆ ಪುಡಿ ಹಾಕಿದ್ದಳು. ಊಟ ಮುಗಿಸಿ ಬಂದು ಹಿಂಡಿದರೆ ಚೀಲ ಹಾಲಿನಂತೆ ಬೆಳ್ಳಗಿತ್ತು. ರಕ್ತವೂ ಅದೇ, ಪುಡಿಯೂ ಅದೇ. ಹಾಗಾದರೆ ನೀರೇ ಏನೋ ಮಾಡಿರಬೇಕು.

"ಅಣ್ಣಾ, ಪುಡಿ ಚೀಲ ಈಗಲೇ ಕಳಿಸಬೇಡಿ," ಎಂದಳು ಮಾಲೀಕರಿಗೆ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತೆ."

ಸೋಮವಾರದವರೆಗೆ ಕಾಯುವುದಾಗಿ ಅವರು ಗೊಣಗಿಕೊಂಡೇ ಒಪ್ಪಿದರು.

ಪಕ್ಕದ ಬೀದಿಯಲ್ಲಿ ಅವಳ ಒಡಹುಟ್ಟಿದ ಅಣ್ಣನ ಮನೆ. ಅತ್ತಿಗೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪ್ರಶ್ನೆ ಕೇಳಿದರೆ ಬಾಯಲ್ಲಿ ಉತ್ತರ ಹೇಳುವ ಬದಲು ಪಾತ್ರೆ ಪಗಡಿ ಹೊರಗೆ ತೆಗೆಯುವ ಹೆಂಗಸು. ನೀರಿನ ವಿಷಯ ಕೇಳಿದ್ದಕ್ಕೆ ಗಂಜಿ ತಾ ಎಂದಿದ್ದರು. ಭಾನುವಾರ ಕಲೆಯಕ್ಕ ಲಾಂಡ್ರಿಯ ಗಂಜಿಪುಡಿಯನ್ನೇ ಒಯ್ದಳು. ಅತ್ತಿಗೆ ಅದನ್ನು ಕಾಯಿಸಿ ತೆಳ್ಳಗೆ ಗಂಜಿ ಮಾಡಿ, ಆರಿಸಿ, ಗಾಜಿನ ಲೋಟಗಳಿಗೆ ಹಂಚಿದರು. ಒಂದಕ್ಕೆ ಉಗುಳು ಎಂದರು. ಕಲೆಯಕ್ಕ ನಾಚಿಕೊಂಡು ಉಗುಳಿದಳು. ಇನ್ನೊಂದಕ್ಕೆ ಕುದಿಸಿದ ಎಂಜಲು, ಮತ್ತೊಂದಕ್ಕೆ ವಿನೆಗರ್ ಬೆರೆಸಿದ ಎಂಜಲು. ಅಷ್ಟರಲ್ಲಿ ಅಣ್ಣ ಒಳಗೆ ಬಂದವನು, ತನ್ನ ಲೋಟಗಳ ಗತಿ ನೋಡಿ, ಇನ್ನು ಮೇಲೆ ತಾನು ಹೋಟೆಲಿನಲ್ಲೇ ಕಾಫಿ ಕುಡಿಯುವುದಾಗಿ ಹೇಳಿ ಹೊರಟುಹೋದ.

ಸ್ವಲ್ಪ ಹೊತ್ತು ಬಿಟ್ಟು ಅತ್ತಿಗೆ ಗಾಯಕ್ಕೆ ಹಚ್ಚುವ ಅಯೋಡಿನ್ನನ್ನು ಒಂದೊಂದೇ ತೊಟ್ಟು ಬಿಟ್ಟರು. ಗಂಜಿ ಇದ್ದರೆ ನೀಲಿಯಾಗಬೇಕು. ಬರೀ ಎಂಜಲು ಬಿದ್ದ ಲೋಟ ಹಳದಿಯಾಗಿಯೇ ಉಳಿಯಿತು. ಅಲ್ಲಿ ಗಂಜಿಯೇ ಇರಲಿಲ್ಲ. ಉಳಿದೆರಡೂ ಕಡುನೀಲಿಯಾದವು.

"ನಿನ್ನ ಎಂಜಲಲ್ಲೂ ಕಿಣ್ವ ಇದೆ," ಎಂದರು ಅತ್ತಿಗೆ. "ಅದೇನೂ ಜೀವ ಇರೋ ಹುಳ ಅಲ್ಲ. ಉದ್ದ ದಾರ ಸುತ್ತಿ ಸುತ್ತಿ ಒಂದು ಆಕಾರಕ್ಕೆ ಬಂದಿರೋ ಹಾಗೆ. ಆ ಆಕಾರದಲ್ಲಿ ಒಂದು ಸಂದಿ ಇರುತ್ತೆ. ತನಗೆ ಹೊಂದೋ ವಸ್ತು ಅಲ್ಲಿ ಬಂದು ಕೂತರೆ ತುಂಡು ಮಾಡಿ ಬಿಟ್ಟುಬಿಡುತ್ತೆ. ತಾನು ಸವೆಯಲ್ಲ, ಮುಂದಿನದನ್ನ ಹಿಡಿಯುತ್ತೆ. ವಿಪರೀತ ಬಿಸಿ ತಗುಲಿದರೆ ಸುತ್ತು ಬಿಚ್ಚಿಹೋಗುತ್ತೆ. ಹುಳಿ ಹೆಚ್ಚಾದರೂ ಆಕಾರ ಕೆಡುತ್ತೆ. ಆಕಾರ ಕೆಟ್ಟಮೇಲೆ ಕೆಲಸ ಎಲ್ಲಿ?"

"ಅಂದರೆ ನಾವು ಪುಡೀನ ಬೇಯಿಸಿಬಿಟ್ವಿ."

"ರಕ್ತಾನೂ ಬೇಯಿಸಿದಿರಿ. ಮೊಟ್ಟೆ ಬೆಂದಮೇಲೆ ಮತ್ತೆ ಹಸಿ ಆಗುತ್ತಾ?"

ಸೋಮವಾರ ಕಲೆಯಕ್ಕ ದೊಡ್ಡ ತೊಟ್ಟಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಉಗುರುಬೆಚ್ಚಗಾದ ಮೇಲೆ ಪುಡಿ ಹಾಕಿಸಿದಳು. ಆಸ್ಪತ್ರೆಯಿಂದ ಹೊಸದಾಗಿ ಬಂದ ಹಾಸುಬಟ್ಟೆಗಳು ಕಲೆಯಿಲ್ಲದೆ ಹೊರಬಂದವು. ಉತ್ಸಾಹ ಬಂದ ಮಾಲೀಕರು ಇನ್ನೂ ಬೆಳ್ಳಗಾಗಲೆಂದು ಮರುದಿನ ಪುಡಿಯ ಜೊತೆಗೇ ಬ್ಲೀಚೂ ಸುರಿದರು. ಕಲೆ ಮತ್ತೆ ಹಾಗೇ ಉಳಿಯಿತು. ಬ್ಲೀಚು ಕಿಣ್ವವನ್ನೂ ಕೆಡಿಸುತ್ತದೆಂದು ಅತ್ತಿಗೆಯಿಂದ ತಿಳಿದ ಮೇಲೆ ಮೊದಲು ಪುಡಿಯಲ್ಲಿ ನೆನೆಸುವುದು, ಬ್ಲೀಚು ಏನಿದ್ದರೂ ಕೊನೆಗೆ, ಎಂದಾಯಿತು. ಬಾಗಿಲ ಬಳಿಯ ಚೀಲಗಳು ಒಳಗೆ ಬಂದವು.

ಅಲ್ಲಿಂದ ಮುಂದೆ ಕಲೆಯಕ್ಕನನ್ನು ಹಿಡಿಯುವವರಿಲ್ಲ. ಹರಿದ ಹಾಸುಬಟ್ಟೆಯ ಚೂರುಗಳಿಗೆ ಹಾಲು, ಮೊಟ್ಟೆ, ಎಣ್ಣೆ, ಶಾಯಿ ಬಳಿದು ನೆನೆಹಾಕಿದಳು. ಹಾಲು, ಮೊಟ್ಟೆ ಬಿಟ್ಟುಹೋದವು, ಎಣ್ಣೆ ಒಂದಿಷ್ಟು ಉಳಿಯಿತು, ಶಾಯಿ ಜಗ್ಗಲಿಲ್ಲ. ಇದ್ದಬದ್ದದ್ದನ್ನೆಲ್ಲ ತಿನ್ನುವ ಪುಡಿಯಲ್ಲ ಇದು, ತನಗೆ ಒಗ್ಗಿದ್ದನ್ನೇ ಆರಿಸಿ ತಿನ್ನುತ್ತದೆ ಎಂದು ಅವಳಿಗೆ ಮನವರಿಕೆಯಾಯಿತು. ಆದರೆ ಏನೇನು ಒಗ್ಗುತ್ತದೆ ಎಂಬುದು ಪೂರ್ತಿ ತಿಳಿದಿರಲಿಲ್ಲ.

ಅತ್ತಿಗೆಯ ಬಳಿ ಹೆಗಲಿಗೆ ಹೊದೆಯುವ ಒಂದು ರೇಷ್ಮೆ ಚೌಕವಿತ್ತು, ಅವರ ತಾಯಿ ಕೊಟ್ಟದ್ದು. ಅದರ ಮೇಲೆ ಮೊಟ್ಟೆಯ ಹಳದಿ ಬಿದ್ದಾಗ ಕಲೆಯಕ್ಕ ತಾನೇ ಕೇಳಿ ಇಸಕೊಂಡು ಬಂದಳು. ಉಪಕಾರ ತೀರಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ ಎಂದುಕೊಂಡಳು. ಮರುದಿನದಿಂದ ಲಾಂಡ್ರಿಗೆ ಮೂರು ದಿನ ರಜೆಯಿತ್ತು. ಬೇಗ ಆಗಲೆಂದು ಪುಡಿ ಧಾರಾಳವಾಗಿ ಹಾಕಿ, ಬಾಯ್ಲರಿನ ಬೆಚ್ಚನೆ ಗೋಡೆಯ ಬದಿಗೆ ಬಕೆಟ್ಟಿಟ್ಟು ಮನೆಗೆ ಹೋದಳು.

ರಜೆ ಮುಗಿದು ಬಂದು ಎತ್ತಿದರೆ ಕಲೆಯೇನೋ ಹೋಗಿತ್ತು. ಹಿಂಡಲು ಹೋದಾಗ ಚೌಕದ ನಡುಭಾಗ ಬೆರಳಿನ ಸಂದಿಯಲ್ಲಿ ನುಣುಚಿ, ನೆನೆದ ಕಾಗದದಂತೆ ಹರಿದುಬಂತು.

ಸಂಜೆ ಅತ್ತಿಗೆಯ ಮುಂದೆ ಚೌಕ ಬಿಚ್ಚಿಟ್ಟು ನಿಂತಳು. ಅತ್ತಿಗೆ ಅಂಚನ್ನು ಬೆರಳಿನಿಂದ ಸವರಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಎದ್ದು ಶಾಲೆಯ ಚೀಲದಿಂದ ಭೂತಗನ್ನಡಿ ತಂದು, ಸವೆದ ಎಳೆಗಳ ಮೇಲೆ ಬಗ್ಗಿದರು.

"ರಕ್ತ, ಮೊಟ್ಟೆಯ ಹಾಗೆ ರೇಷ್ಮೆಯೂ ಪ್ರೋಟೀನೇ," ಎಂದರು ಕೊನೆಗೆ. "ಮೊಟ್ಟೆ ಮುಗಿದಮೇಲೆ ಕಿಣ್ವಕ್ಕೆ ಇದೇ ಸಿಕ್ಕಿದೆ. ನನಗಾದರೂ ಹೊಳೀಬೇಕಿತ್ತು. ಮಕ್ಕಳಿಗೆ ಪ್ರತಿ ವರ್ಷ ಹೇಳ್ತೀನಿ."

"ಬೈದುಬಿಡಿ ಅತ್ತಿಗೆ."

"ಬೈದರೆ ಎಳೆ ಕೂಡುತ್ತಾ? ಬಾ ಇಲ್ಲಿ, ನೀನೂ ನೋಡು."

ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದರು. ಅತ್ತಿಗೆ ಅವಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು. ಗಟ್ಟಿಯಿದ್ದ ಒಂದು ಮೂಲೆಯನ್ನು ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡರು. ರೇಷ್ಮೆ, ಉಣ್ಣೆ ಇನ್ನು ಆ ಪುಡಿಯ ಹತ್ತಿರ ಸುಳಿಯದಂತೆ ಕಲೆಯಕ್ಕ ಕಟ್ಟುನಿಟ್ಟು ಮಾಡಿದಳು. ಒಂದು ವಾರ ಅವಳಿಗೆ ಊಟ ರುಚಿಸಲಿಲ್ಲ. ಆದರೆ ಕುತೂಹಲ ಅಷ್ಟಕ್ಕೆಲ್ಲ ಬಗ್ಗಲಿಲ್ಲ.

ಕೆಲಸ ಬಿಟ್ಟ ಮೇಲೂ ಅವಳ ಭಾನುವಾರಗಳು ಅತ್ತಿಗೆಯ ಅಡುಗೆಮನೆಯಲ್ಲೇ. ಅನಾನಸ್ ತಿಂದರೆ ನಾಲಿಗೆ ಏಕೆ ಚುರುಗುಟ್ಟುತ್ತದೆ ಎಂದು ಒಮ್ಮೆ ಕೇಳಿದಳು. ಅದರಲ್ಲೂ ಪ್ರೋಟೀನು ಕತ್ತರಿಸುವ ಕಿಣ್ವವಿದೆ ಎಂದು ತಿಳಿದದ್ದೇ ತಡ, ಬಟ್ಟಲುಗಳು ಹೊರಬಂದವು. ಪ್ರೋಟೀನಿನಿಂದಲೇ ಗಟ್ಟಿಯಾಗುವ ಜೆಲ್ಲಿಯನ್ನು ಎರಡು ಬಟ್ಟಲಿಗೆ ಹುಯ್ದು, ಒಂದಕ್ಕೆ ಬೇಯಿಸಿದ ಅನಾನಸ್ ಹೋಳು, ಇನ್ನೊಂದಕ್ಕೆ ಫ್ರೀಜರಿನಲ್ಲಿ ಕಲ್ಲಾಗಿಸಿ ತೆಗೆದ ಹೋಳು ಹಾಕಿದರು. ಬಿಸಿಯಂತೆ ಚಳಿಯೂ ಕಿಣ್ವದ ಕತೆ ಮುಗಿಸುತ್ತದೆ, ಎರಡೂ ಗಟ್ಟಿಯಾಗುತ್ತವೆ ಎಂದು ಕಲೆಯಕ್ಕ ಬಾಜಿ ಕಟ್ಟಿದಳು.

ಬೆಂದ ಹೋಳಿನ ಜೆಲ್ಲಿ ಗಟ್ಟಿಯಾಗಿ ನಡುಗಿತು. ಎರಡನೆಯ ಬಟ್ಟಲನ್ನು ವಾಲಿಸಿದರೆ ನೀರು ನೀರಾಗಿ ಮೇಜಿನ ಮೇಲೆ ಹರಿಯಿತು. ಚಳಿಗೆ ಕಿಣ್ವದ ಕೈ ಮರಗಟ್ಟಿತ್ತೇ ಹೊರತು ಆಕಾರ ಕೆಟ್ಟಿರಲಿಲ್ಲ.

"ಸೋತೆ ನೋಡು," ಎಂದರು ಅತ್ತಿಗೆ.

ಸೋತವಳ ಮುಖ ಅರಳಿತ್ತು. ಸೆರಗಿನಿಂದ ಮೇಜು ಒರೆಸುತ್ತಲೇ, ಪಪ್ಪಾಯಿ ಇದೆಯೇ ಮನೆಯಲ್ಲಿ, ಎಂದು ಕೇಳಿದಳು.