ಮೂವತ್ತೋ, ಮೂವತ್ತೊಂದೋ

೨೦೧೪ರ ಬೇಸಿಗೆಯಲ್ಲಿ ನಾನು ಹೈದರಾಬಾದಿನ ಅಬಿಡ್ಸ್‌ನ ಒಂದು ಬಂದೂಕಿನ ಅಂಗಡಿಯಲ್ಲಿ ಎರಡನೆಯ ಮಿಸ್ತ್ರಿಯಾಗಿದ್ದೆ. ಮೊದಲನೆಯ ಮಿಸ್ತ್ರಿ ನನ್ನ ಅಣ್ಣ ಬಸಣ್ಣ. ಕೆಲಸ ಕಲಿಸಿದವನು ಅವನೇ, ಮನೆಯಲ್ಲಿ ಕೂರಿಸಿಕೊಂಡು ಕನ್ನಡ ಓದಲು ಕಲಿಸಿದವನೂ ಅವನೇ. ಅವನು ಬೀದರ ಕಡೆಯ ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ನಾನು ಸನತ್‌ನಗರದಲ್ಲೇ ಬೆಳೆದು, ತೆಲುಗು ಶಾಲೆಯಲ್ಲಿ ಐದನೆಯದಕ್ಕೆ ನಿಂತವನು.

ನಮ್ಮ ಕೆಲಸದ ಬೆಂಚಿನ ವಾಸನೆ ಈಗಲೂ ಮೂಗಿನಲ್ಲಿದೆ. ಅಗಸೆ ಎಣ್ಣೆ ಕುಡಿದ ಅಕ್ರೋಟ್ ಮರ, ಸೀಮೆಎಣ್ಣೆ, ಎದುರಿನ ಹೋಟೆಲಿನ ಇರಾನಿ ಚಹಾ. ಕಾನೂನು ಬೇಟೆಯನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಆದರೂ ಅಜ್ಜಂದಿರು ಹುಲಿ ಹೊಡೆದ ಹಳೆಯ ಮೌಸರ್‌ಗಳನ್ನು ಹಳೇ ಮನೆತನದವರು ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿಸಲು ತರುತ್ತಿದ್ದರು. ಗುರಿ ಕಲಿಯುವ ಹುಡುಗಿಯರ ಕೈಯಲ್ಲಿ ಪಾಯಿಂಟ್ ಟೂ-ಟೂ ಎಂಬ ಸಣ್ಣ ನಳಿಕೆಯ ರೈಫಲ್. ದುಡ್ಡಿದ್ದವರ ಹೆಗಲಿಗೆ ತರ್ಟಿ-ಓ-ಸಿಕ್ಸ್, ಅಮೆರಿಕದ ಸೈನ್ಯಕ್ಕೆಂದು ಹುಟ್ಟಿ ಬೇಟೆಗಾರರ ಮನೆ ಸೇರಿದ್ದು. ಇವೆಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ತ್ರೀ-ಫಿಫ್ಟೀನ್. ನಮ್ಮ ಬಾಯಲ್ಲಿ ಅದು ತೀನ್ ಸೌ ಪಂದ್ರಾ.

ತೀನ್ ಸೌ ಪಂದ್ರಾ ನೋಡಿದವರು ಸೈನಿಕರ ತ್ರೀ-ನಾಟ್-ತ್ರೀ ಎಂದೇ ತಿಳಿಯುತ್ತಾರೆ. ಮೈಕಟ್ಟು ಒಂದೇ, ನಳಿಕೆ ಬೇರೆ. ಸೈನ್ಯದ ಗುಂಡು ಖಾಸಗಿಯವರ ಬಂದೂಕಿಗೆ ಹೊಂದಬಾರದು ಎಂದು ಬ್ರಿಟಿಷರ ಕಾಲದಲ್ಲಿ ಮಾಡಿದ ಉಪಾಯ ಅದು. "ಒಂದ ತಾಯಿ ಮಕ್ಕಳು. ಒಬ್ಬಾಂವ ಪಲ್ಟನ್ ಸೇರ್ಯಾನ, ಒಬ್ಬಾಂವ ಹೊಲಾ ಕಾಯತಾನ" ಎನ್ನುತ್ತಿದ್ದ ಅಣ್ಣ.

ಇದರ ಬೋಲ್ಟ್, ಅಂದರೆ ಗುಂಡಿನ ತೋಟೆಯನ್ನು ಹಿಂದಿನಿಂದ ಬಿಗಿಹಿಡಿಯುವ ಉಕ್ಕಿನ ಅಗುಳಿ, ಆಯಾ ಬಂದೂಕಿಗೇ ತಿಕ್ಕಿ ಕೂರಿಸಿದ್ದು. ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತದೆ. ಅದಲುಬದಲಾದರೂ ಸರಾಗವಾಗಿ ಕೂರುತ್ತದೆ, ಅಪಾಯ ಅಲ್ಲೇ ಇರುವುದು. ಒಳಗೆ ಕೂದಲಷ್ಟು ಸಡಿಲ ಉಳಿದರೆ ತೋಟೆ ಒಡೆದು ಉರಿಗಾಳಿ ಹಿಂದಕ್ಕೆ ನುಗ್ಗುತ್ತದೆ. ಅದಕ್ಕೇ ಗೇಜ್ ಹಾಕಿ ನೋಡಬೇಕು. ಅದು ತೋಟೆಯ ಆಕಾರದ ಉಕ್ಕಿನ ತುಂಡು. ಅದನ್ನಿಟ್ಟಾಗ ಬೋಲ್ಟ್ ಪೂರ್ತಿ ಮುಚ್ಚಬಾರದು. ಮುಚ್ಚಿತೆಂದರೆ ಒಳಗೆ ಸಡಿಲವಿದೆ ಎಂದರ್ಥ. "ಒಬ್ಬಾಕಿ ಗಂಡನ್ನ ಇನ್ನೊಬ್ಬಾಕಿ ಮನಿಗೆ ಕಳಸಬ್ಯಾಡಪಾ" ಎಂದು ಅಣ್ಣ ದಿನಕ್ಕೊಮ್ಮೆ ಎಚ್ಚರಿಸುತ್ತಿದ್ದ.

ಚುನಾವಣೆ ಬಂದರೆ ಲೈಸೆನ್ಸ್ ಇದ್ದವರು ಬಂದೂಕನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಜಮಾ ಮಾಡಬೇಕು. ಆ ವರ್ಷವೂ ಗೋಡೆಯುದ್ದಕ್ಕೂ ಬಂದೂಕು ನಿಂತವು. ಅವುಗಳಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ದಿನ ಕೊಂಡಿದ್ದ ಜೋಡಿ ತೀನ್ ಸೌ ಪಂದ್ರಾಗಳಿದ್ದವು. ಒಂದರ ನಂಬರ್ ಮೂವತ್ತಕ್ಕೆ ಮುಗಿಯುತ್ತಿತ್ತು, ಇನ್ನೊಂದರದು ಮೂವತ್ತೊಂದಕ್ಕೆ. ಅಣ್ಣ ಬೋಲ್ಟ್ ತೆಗೆದು, ತೊಳೆದು, ತನ್ನ ಅಭ್ಯಾಸದಂತೆ ಕನ್ನಡ ಅಂಕಿಯಲ್ಲಿ ಚೀಟಿ ಬರೆದು ಕಟ್ಟಿದ: ೩೦, ೩೧. ಜೋಡಿಸುವ ಕೆಲಸ, ಗೇಜ್ ಹಾಕುವ ಕೆಲಸ ನನ್ನದು.

ಮತ ಎಣಿಕೆ ಮುಗಿದು ಬಂದೂಕು ಬಿಡಿಸಿಕೊಳ್ಳುವವರ ಸಾಲು ಫುಟ್‌ಪಾತಿಗೆ ಇಳಿದಿತ್ತು. ಆ ಗದ್ದಲದಲ್ಲಿ ಒಂದು ಚೀಟಿ ನೋಡಿದೆ. ಕನ್ನಡದ ೧ ಎಂಬ ಅಂಕಿ ಬಾಯಿ ತೆರೆದ ಸೊನ್ನೆಯಂತಲ್ಲವೇ? ನನ್ನ ಕಣ್ಣಿಗೆ ಅದು ಸೊನ್ನೆಯಾಯಿತು. ೩೧ರ ಬೋಲ್ಟನ್ನು ಮೂವತ್ತರ ಬಂದೂಕಿಗೆ ಹಾಕಿ, ಚೀಟಿ ಬಿಚ್ಚಿ ಅದರ ಮೈಗೇ ಕಟ್ಟಿದೆ. ಉಳಿದದ್ದನ್ನು ಓದದೆ ಇನ್ನೊಂದಕ್ಕೆ ಹಾಕಿದೆ. ಬೋಲ್ಟಿನ ಮೇಲೆ ಕೊರೆದ ನಂಬರ್ ನೋಡಲಿಲ್ಲ. ಗೇಜ್ ಡ್ರಾಯರಿನಲ್ಲೇ ಉಳಿಯಿತು.

ವಾರದೊಳಗೆ ಆ ಅಣ್ಣತಮ್ಮಂದಿರಿಬ್ಬರೂ ಬಂದೂಕುಗಳೊಂದಿಗೆ ಮರಳಿ ಬಂದರು. ಚಿಕ್ಕವನ ಬಲಗೆನ್ನೆಗೆ ಪಟ್ಟಿ. ಗುರಿ ಹೊಡೆಯುವ ರೇಂಜಿನಲ್ಲಿ ಮೊದಲ ಗುಂಡಿಗೇ ತೋಟೆ ಒಡೆದಿತ್ತು. ಕನ್ನಡಕವಿದ್ದುದರಿಂದ ಕಣ್ಣು ಉಳಿದಿತ್ತು. ಅವರಲ್ಲಿ ದೊಡ್ಡವನು ನನ್ನ ಅಣ್ಣನನ್ನೇ ಕೇಳಿದ, "ಬಸಣ್ಣಾ, ನೀ ಚೇತುಲ ಪನೇನಾ ಇದಿ?" ನಿನ್ನ ಕೈಯ ಕೆಲಸವೇನಯ್ಯಾ ಇದು ಎಂದು. ಬಸಣ್ಣ ಮುಟ್ಟಿದ್ದು ಎಂದರೆ ಮರುಮಾತಿಲ್ಲದೆ ಕೊಳ್ಳುತ್ತಿದ್ದ ಜನ ಅವರು.

ಅಂಗಡಿಯ ಮಾಲೀಕರಾದ ಸೇಠ್ ಮೂವತ್ತರ ಬಂದೂಕಿನ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ಅವರಿಗೆ ಕನ್ನಡ ಬಾರದು. "ಯೆ ಕ್ಯಾ ಲಿಖೇ ಮಿಯಾಂ? ತೀಸ್ ಕಿ ಇಕತ್ತೀಸ್?"

ಮೂವತ್ತೋ, ಮೂವತ್ತೊಂದೋ. ಮೂವತ್ತೊಂದು ಎಂದರೆ ಚೀಟಿ ಸರಿ, ಜೋಡಿಸಿದವನದು ತಪ್ಪು. ಮೂವತ್ತು ಎಂದರೆ ಬರೆದವನದೇ ತಪ್ಪು. ಅಣ್ಣ ಚೀಟಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ತೀಸೀಚ್ ಸೇಠ್. ಮೇರೀಚ್ ಗಲ್ತಿ."

"ಔರ್ ಗೇಜ್?"

"ವೋ ಭೀ ಮೈಚ್."

ಮೂವತ್ತೇ, ತಪ್ಪು ನನ್ನದೇ, ಗೇಜ್ ಹಾಕದವನೂ ನಾನೇ ಎಂದುಬಿಟ್ಟ. ತನ್ನ ಕೈಯಾರೆ ದುಂಡಗೆ ಬರೆದ ಒಂದನ್ನು ಅವನು ಸೊನ್ನೆ ಎಂದ. ಆ ಸಂಜೆಯೇ ಸೇಠ್ ಅವನನ್ನು ಬೆಂಚಿನಿಂದ ಇಳಿಸಿದರು. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಸನತ್‌ನಗರದವರೆಗೆ ಬಂದೆವು. ಇಳಿಯುವಾಗ ಅವನು ಹೇಳಿದ್ದು ಇಷ್ಟೇ: "ನಾಳಿಂದ ಊಟದ ಡಬ್ಬಿ ಒಂದ ಕಟ್ಟಂತ ಹೇಳು ನಿನ್ನ ಹೇಂತಿಗೆ."

ಮರುದಿನದಿಂದ ಅವನ ಕುರ್ಚಿಯಲ್ಲಿ ನಾನು. ಅವನು ಮನೆ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲೇಥ್ ಹಿಡಿದು ನಟ್ಟು ಕಡೆದ. ಮತ್ತೆಂದೂ ಬಂದೂಕು ಮುಟ್ಟಲಿಲ್ಲ. ಹಳೆಯ ಗಿರಾಕಿಗಳು ಬಸಣ್ಣ ಎಲ್ಲಿ ಎಂದರೆ, "ಕಣ್ಣು ಮಂಜಾದವು ಪಾಪ" ಎಂದು ಸೇಠ್ ಮರ್ಯಾದೆ ಉಳಿಸುತ್ತಿದ್ದರು. ನಾನು ಪಕ್ಕದಲ್ಲೇ ಅರ ಉಜ್ಜುತ್ತಿದ್ದೆ. ಅವನು ಇವತ್ತಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾನೆ.

ಹೋದ ವರ್ಷ ಕೆಲಸ ಬಿಟ್ಟ ದಿನ ಸೇಠ್ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಡ್ರಾಯರಿನಿಂದ ಆ ಹಳೆಯ ಗೇಜ್ ತೆಗೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಅವನಿಗೆ ಕೊಡು ಎಂದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಅಣ್ಣ ಓಣಿಯ ಕಟ್ಟೆಯ ಮೇಲೆ ಕೂತಿದ್ದ. ಗೇಜ್ ಅವನ ಅಂಗೈಯಲ್ಲಿಟ್ಟು, "ಅಣ್ಣಾ, ಅದು ಮೂವತ್ತೊಂದು. ಸೇಠ್‌ಗ ಹೇಳಿ ಬಂದೀನಿ" ಎಂದೆ.

ಅವನು ಅದನ್ನು ಹೆಬ್ಬೆರಳಿನಿಂದ ತಿರುಗಿಸಿ ತಿರುಗಿಸಿ ನೋಡಿದ.

"ಹತ್ತ ವರ್ಷ ಒಳಗ ಇಷ್ಟ ಸಡಿಲ ಇಟ್ಕೊಂಡು ಹೆಂಗ ಕುಂತಿದ್ದ್ಯೋ, ಮಳ್ಳ? ಸಿಡೀಲಿಲ್ಲಲ್ಲ, ಪುಣ್ಯಾ!"

ನಕ್ಕ. ನನಗೆ ನಗು ಬರಲಿಲ್ಲ.

ಬಂದೂಕು ಇಟ್ಟುಕೊಂಡವರಿಗೆ ಈ ಕಸುಬಿನಿಂದ ನಾನು ಹೇಳಬಲ್ಲ ಮಾತು ಒಂದೇ. ಮಿಸ್ತ್ರಿ ಎಷ್ಟೇ ದೊಡ್ಡವನಿರಲಿ, ಬಂದೂಕು ಕೈಗೆ ಬಂದಾಗ ಬೋಲ್ಟಿನ ನಂಬರನ್ನೂ ಮೈಯ ನಂಬರನ್ನೂ ನೀವೇ ಓದಿ, ಗೇಜ್ ನಿಮ್ಮ ಕಣ್ಣೆದುರು ಹಾಕಿಸಿ. ಚೀಟಿ ನಂಬಬೇಡಿ. ಚೀಟಿಯ ಅಂಕಿಯನ್ನು ಮನುಷ್ಯ ಒಂದು ಮಾತಿನಲ್ಲಿ ಬದಲಿಸಿಬಿಡಬಲ್ಲ, ತಮ್ಮನ ಮೇಲೆ ಪ್ರೀತಿಯಿದ್ದರೆ.