ಭೋರ್‌ನಿಂದ ತಂದ ನೈಟ್ರೋಜನ್

ಕಂಪ್ಯೂಟರಿನ ಪ್ರೊಸೆಸರನ್ನು ಅದರ ಮಿತಿ ಮೀರಿದ ವೇಗದಲ್ಲಿ ಓಡಿಸಿದರೆ ವಿಪರೀತ ಕಾಯುತ್ತದೆ. ತಣ್ಣಗಿಡಲು ನಾವು ಅದರ ಮೇಲಿನ ತಾಮ್ರದ ಪಾತ್ರೆಗೆ ದ್ರವ ನೈಟ್ರೋಜನ್ ಸುರಿಯುತ್ತಲೇ ಇರುತ್ತೇವೆ. ವಿಮಾನ ನಗರದಲ್ಲಿ ನಮ್ಮ ಪ್ರದರ್ಶನಕ್ಕೆ ಒಂದೇ ದಿನ ಉಳಿದಿದ್ದಾಗ ನೈಟ್ರೋಜನ್ ಕೊಡಬೇಕಿದ್ದವನು ಕೈಕೊಟ್ಟ. ಆರು ತಿಂಗಳ ತಯಾರಿ ಮಣ್ಣುಪಾಲಾಗುವುದರಲ್ಲಿತ್ತು. ಹೋರಿಯ ವೀರ್ಯ ಕೆಡದಂತೆ ಇಡಲು ಪಶುವೈದ್ಯರೂ ಅದನ್ನೇ ಬಳಸುತ್ತಾರೆಂದು ತಿಳಿದು, ಭೋರ್ ಎಂಬ ಊರಿನ ಒಬ್ಬ ದನದ ಡಾಕ್ಟರ ಬಳಿಗೆ ಓಡಿದೆ.

ನನ್ನ ಹರಕು ಮರಾಠಿ ಕೇಳಿ, "ಕನ್ನಡದಾಗ ಹೇಳ್ರಿ, ನಾನೂ ವಿಜಯಪುರದಾಂವ" ಎಂದರು. ಒಂದು ಕ್ಯಾನ್ ನೈಟ್ರೋಜನ್ ಬೇಕಿತ್ತು ಎಂದೆ.

"ಎಷ್ಟು ಆಕಳ ಅದಾವ್ರಿ?"

"ಆಕಳಲ್ಲ ಸಾರ್, ಕಂಪ್ಯೂಟರ್."

ಅವರು ನನ್ನನ್ನೇ ದಿಟ್ಟಿಸಿದರು. "ಅದೂ ಬೆದಿಗೆ ಬರ್ತದೇನ್ರಿ?"

"ಬೆದೆಯಲ್ಲ ಸಾರ್, ಬರೀ ಬಿಸಿ."

ಹೊಟ್ಟೆ ಹಿಡಿದು ನಕ್ಕು ಒಂದು ಕ್ಯಾನ್ ತುಂಬಿಸಿಕೊಟ್ಟರು. "ಕಾರಿನ ಕಿಟಕಿ ತಗದಿಡ್ರಿ, ಇಲ್ಲಾಂದ್ರ ಉಸಿರು ಕಟ್ತದ" ಎಂದು ಗದರಿಯೂ ಕಳಿಸಿದರು.

ಮರುದಿನ ಯಂತ್ರ ಮೂರು ತಾಸು ಒಮ್ಮೆಯೂ ನಿಲ್ಲದೆ ಓಡಿತು. ನನ್ನ ಎದೆ ಹಗುರಾಯಿತು. ಸಂಜೆ ಡಾಕ್ಟರಿಗೆ ಫೋನ್ ಮಾಡಿ, ಎಲ್ಲ ಸುಸೂತ್ರವಾಯಿತು ಎಂದೆ.

"ಭಾಳ ಚಲೋ ಆತು. ಮೂರು ತಿಂಗಳ ಬಿಟ್ಟು ಕರಕೊಂಡು ಬರ್ರಿ, ಗಬ್ಬ ನಿಂತದೋ ಇಲ್ಲೋ ನೋಡೋಣು" ಎಂದರು.